ಪರ, ವಿರೋಧ ಎರಡನ್ನೂ ಬರೆದದ್ದು ಒಂದೇ ಫೋನು: ಒಂದು ಶಾಲೆಯ ಚರ್ಚಾ ಸ್ಪರ್ಧೆಯ ಪ್ರಕರಣ

ಹಿನ್ನೆಲೆ

ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆ. ತಾಲ್ಲೂಕು ಮಟ್ಟಕ್ಕೆ ಮಕ್ಕಳನ್ನು ಆರಿಸುವ ಚರ್ಚಾ ಸ್ಪರ್ಧೆ ಇತ್ತು. ವಿಷಯ: ‘ಕಂಪ್ಯೂಟರ್ ಮತ್ತು ರೋಬೋಟ್‌ಗಳು ನಿಜವಾಗಿ ಯೋಚಿಸಬಲ್ಲವು’. ಪರವಾಗಿ ಮೂವರು, ವಿರೋಧವಾಗಿ ಮೂವರು. ತೀರ್ಪುಗಾರರು ಕನ್ನಡ ಮೇಡಂ, ಗಣಿತದ ಸರ್ ಮತ್ತು ಮುಖ್ಯ ಶಿಕ್ಷಕಿ.

ಊರು, ಶಾಲೆ, ವರ್ಷ, ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಶಾಲೆಗಳಲ್ಲಿ ವಿಜ್ಞಾನ ಚಟುವಟಿಕೆ ಮಾಡಿಸುವ ಕೆಲಸ ನನ್ನದು. ಗಲಾಟೆ ಶುರುವಾದ ಮೇಲೆ ಗಣಿತದ ಸರ್ ನನ್ನನ್ನು ಕರೆಸಿದರು. ಮೊದಲ ಸ್ಪರ್ಧೆಯ ಕಥೆ ಅವರು ಹೇಳಿದ್ದು, ಆಮೇಲಿನದ್ದು ನಾನೇ ಕೂತು ನೋಡಿದ್ದು.

ಅಂಕಪಟ್ಟಿ ಎಲ್ಲ ಕಡೆ ಇರುವಂಥದ್ದೇ. ವಿಷಯ ಮಂಡನೆ, ಭಾಷಾ ಶೈಲಿ, ಉಚ್ಚಾರಣೆ, ಹಾವಭಾವ, ಸಮಯ ಪಾಲನೆ, ಕೊನೆಯಲ್ಲಿ ಖಂಡನೆ. ಖಂಡನೆಗೆ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಂಕ. ಇದು ಮುಂದೆ ಮುಖ್ಯವಾಗುತ್ತದೆ.

ಪರ ವಾದದಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದಳು. 1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ್ದು, 2016ರಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ ಎಂಬ ಪ್ರೋಗ್ರಾಂ ‘ಗೋ’ ಆಟದಲ್ಲಿ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದ್ದು, ಎಲ್ಲವೂ ಬಂತು. ವಿರೋಧ ವಾದದಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ ಅಷ್ಟೇ ಚೆನ್ನಾಗಿ ಮಾತಾಡಿದ. ಯಂತ್ರಕ್ಕೆ ನೋವಿಲ್ಲ, ಹಸಿವಿಲ್ಲ, ಅಮ್ಮನ ಕೈತುತ್ತಿನ ರುಚಿ ಗೊತ್ತಿಲ್ಲ ಅಂದ. ಆ ಸಾಲಿಗೆ ಇಡೀ ಸಭೆ ಚಪ್ಪಾಳೆ ತಟ್ಟಿತು. ಬಿಸಿಯೂಟದ ಅಕ್ಕ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರಂತೆ.

ಸಮಸ್ಯೆ

ಕನ್ನಡ ಮೇಡಂಗೆ ಅನುಮಾನ ಬಂದದ್ದು ಭಾಷೆಯಿಂದ. ಇಬ್ಬರೂ ‘ಇದು ಗಮನಾರ್ಹ ಸಂಗತಿಯಾಗಿದೆ’ ಅಂದರು. ಇಬ್ಬರೂ ಮೂರು ಮೂರು ಉದಾಹರಣೆ ಕೊಟ್ಟರು. ಇಬ್ಬರೂ ‘ನಾಣ್ಯಕ್ಕೆ ಎರಡು ಮುಖಗಳಿರುವಂತೆ’ ಅಂತ ಮುಗಿಸಿದರು. ‘ನಮ್ಮ ಹುಡುಗರು ಜಗಳ ಆಡೋವಾಗ ಗಮನಾರ್ಹ ಅಂತಾರಾ?’ ಎಂದು ಮೇಡಂ ಆಮೇಲೆ ನನ್ನ ಹತ್ತಿರ ನಕ್ಕರು.

ಖಂಡನೆಯ ಹೊತ್ತಿಗೆ ಅವರೇ ಒಂದೊಂದು ಪ್ರಶ್ನೆ ಹಾಕಿದರು. ಹುಡುಗಿಗೆ: ‘ಕ್ಯಾಸ್ಪರೋವ್‌ನ ಸೋಲಿಸಿದ ಕಂಪ್ಯೂಟರ್‌ಗೆ ತಾನು ಗೆದ್ದೆ ಅಂತ ಗೊತ್ತಾಯ್ತೇನಮ್ಮ?’ ಹುಡುಗಿ ಸುಮ್ಮನೆ ನಿಂತಳು. ಹುಡುಗನಿಗೆ: ‘ನೋವಿಲ್ಲದಿದ್ದರೆ ಯೋಚನೆ ಯಾಕೆ ಬರಲ್ಲ? ಲೆಕ್ಕ ಮಾಡೋವಾಗ ನಿನಗೆ ಎಲ್ಲಿ ನೋವಾಗುತ್ತೆ?’ ಹಿಂದಿನಿಂದ ಯಾರೋ ‘ತಲೆ ಮೇಡಂ’ ಅಂತ ಕೂಗಿದರು. ಅವನಿಗೆ ಅದೂ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಿಷಯ ಹೊರಬಂತು. ಎರಡೂ ಭಾಷಣ ಬರೆದದ್ದು ಹುಡುಗಿಯ ಅಣ್ಣನ ಫೋನಿನಲ್ಲಿರುವ ಚಾಟ್‌ಬಾಟ್. ತಂಗಿಗೆ ಪರ ಬರೆಸಿಕೊಟ್ಟ ಮೇಲೆ ಪಕ್ಕದ ಮನೆಯ ಹುಡುಗ ಕೇಳಿದ ಅಂತ ಅವನಿಗೂ ವಿರೋಧ ಬರೆಸಿಕೊಟ್ಟಿದ್ದ. ಅಣ್ಣನಿಗೆ ಇದರಲ್ಲಿ ಏನೂ ತಪ್ಪು ಕಾಣಿಸಿರಲಿಲ್ಲ. ಇಬ್ಬರಿಗೂ ಸಹಾಯ ಆಯ್ತಲ್ಲ!

ಸ್ಟಾಫ್ ರೂಮಿನಲ್ಲಿ ಮೂರು ಅಭಿಪ್ರಾಯ. ಮುಖ್ಯ ಶಿಕ್ಷಕಿಗೆ ಇದು ಸರಳ ನಕಲು ಪ್ರಕರಣ, ಇಬ್ಬರನ್ನೂ ಕೈಬಿಡಬೇಕು. ಗಣಿತದ ಸರ್ ‘ಹಾಗಾದ್ರೆ ಬಹುಮಾನ ಫೋನಿಗೇ ಕೊಡಿ’ ಅಂದರು. ‘ನನಗೆ ಯೋಚಿಸೋಕೆ ಬರಲ್ಲ ಅಂತ ಇಷ್ಟು ಚೆನ್ನಾಗಿ ಯೋಚಿಸಿ ಬರೆದಿದೆಯಲ್ಲ!’ ಕನ್ನಡ ಮೇಡಂ ಒಪ್ಪಲಿಲ್ಲ. ಒಂದೇ ಬಾಯಿ ಹೌದನ್ನೂ ಇಲ್ಲವನ್ನೂ ಅಷ್ಟೇ ಸಲೀಸಾಗಿ ಹೇಳಿದರೆ ಅದಕ್ಕೆ ಯಾವುದೂ ಗೊತ್ತಿಲ್ಲ ಅಂತಲೇ ಅರ್ಥ ಅಂದರು. ಸರ್ ಕೇಳಿದರು: ‘ವಕೀಲರು? ಅವರೂ ಫೀಸು ಕೊಟ್ಟ ಕಡೆ ವಾದ ಮಾಡಲ್ವಾ? ಅಷ್ಟೇಕೆ, ನಾವೇ ಚೀಟಿ ಎತ್ತಿಸಿ ಮಕ್ಕಳಿಗೆ ಪರ, ವಿರೋಧ ಹಂಚಿದ್ದು.’

ಇಲ್ಲಿಗೆ ಮಾತು ನಿಂತಿತು. ಚೀಟಿ ಎತ್ತಿ ಬಂದ ಪಕ್ಷಕ್ಕೆ ಮಗು ವಾದ ಮಾಡಿದರೆ ಅದನ್ನು ಪ್ರತಿಭೆ ಅನ್ನುತ್ತೇವೆ. ಯಂತ್ರ ಮಾಡಿದರೆ ಅದೇ ಅದರ ಖಾಲಿತನಕ್ಕೆ ಸಾಕ್ಷಿ. ಎರಡೂ ಒಟ್ಟಿಗೆ ನಿಲ್ಲಬೇಕಾದರೆ ನಡುವೆ ಏನೋ ವ್ಯತ್ಯಾಸ ತೋರಿಸಬೇಕು. ಅದನ್ನು ತೋರಿಸುವುದು ಹೇಗೆ?

ನಿರ್ಧಾರ

ಮುಖ್ಯ ಶಿಕ್ಷಕಿ ಮನೆಗೆ ಹೋಗಿ ಬಂದು ಮರುದಿನ ತೀರ್ಮಾನ ಬದಲಿಸಿದರು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಮೊದಲ ತಿರುವು ಇದು. ಯಾರನ್ನೂ ಕೈಬಿಡುವುದಿಲ್ಲ, ಯಾರಿಗೂ ಬಹುಮಾನವೂ ಇಲ್ಲ. ಕೆಲವು ವಾರ ಬಿಟ್ಟು ಮತ್ತೆ ಚರ್ಚೆ. ಅಲ್ಲಿ ಪಕ್ಷ ಅದಲುಬದಲು: ಪರ ಮಾತಾಡಿದವಳು ವಿರೋಧ, ವಿರೋಧ ಮಾತಾಡಿದವನು ಪರ. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದು. ಯಾರು ಏನೇ ಹೇಳಿದರೂ ಅದನ್ನು ಮೊದಲು ಶಾಲೆಯಲ್ಲೇ ಮಾಡಿ ನೋಡಿರಬೇಕು. ಸುಮ್ನೆ ಹೇಳುವ ಹಾಗಿಲ್ಲ.

ಫೋನನ್ನು ನಿಷೇಧಿಸುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ಮಕ್ಕಳು ಚಾಟ್‌ಬಾಟನ್ನು ಕದ್ದು ಬಳಸುತ್ತಿದ್ದರೇ ಹೊರತು ಅದನ್ನು ಪರೀಕ್ಷಿಸುತ್ತಿರಲಿಲ್ಲ. ಇಲ್ಲಿ ಅಣ್ಣನ ಫೋನೇ ಶಾಲೆಗೆ ಬಂತು, ಅಣ್ಣನ ಸಮೇತ.

ಏನೇನು ಮಾಡಿ ನೋಡಿದರು

ಗಣಿತದ ಸರ್ ತಯಾರಿಯಾಗಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಬರೆದ ಲೇಖನ ಓದಿಕೊಂಡು ಬಂದರು. ಯಂತ್ರ ಯೋಚಿಸುತ್ತದೆಯೇ ಎಂಬ ಪ್ರಶ್ನೆಗೆ ಈಗಿರುವ ರೂಪದಲ್ಲಿ ಅರ್ಥವೇ ಇಲ್ಲ ಅಂತ ಟ್ಯೂರಿಂಗ್ ಅದನ್ನು ಪಕ್ಕಕ್ಕಿಟ್ಟು ಒಂದು ಆಟ ಕೊಟ್ಟರು. ಮರೆಯಲ್ಲಿ ಒಬ್ಬ ಮನುಷ್ಯ, ಒಂದು ಯಂತ್ರ. ಬರಹದಲ್ಲಷ್ಟೇ ಪ್ರಶ್ನೆ, ಉತ್ತರ. ಯಾರು ಯಾರೆಂದು ಕಂಡುಹಿಡಿಯಬೇಕು. ಸುಮಾರು 50 ವರ್ಷಗಳಲ್ಲಿ ಯಂತ್ರಗಳು ಎಷ್ಟು ಚೆನ್ನಾಗಿ ಆಡುತ್ತವೆಂದರೆ, 5 ನಿಮಿಷ ಪ್ರಶ್ನೆ ಕೇಳಿದ ಮೇಲೂ ಸಾಮಾನ್ಯ ಮನುಷ್ಯ ಸರಿಯಾಗಿ ಗುರುತಿಸುವ ಸಾಧ್ಯತೆ 70 ಶೇಕಡಾಕ್ಕಿಂತ ಜಾಸ್ತಿ ಇರುವುದಿಲ್ಲ ಅಂತ ಅವರ ಅಂದಾಜು.

ನಮ್ಮ ಶಾಲೆಯಲ್ಲಿ ಈ ಆಟ ಆಡಿಸುವ ಅಗತ್ಯವೇ ಇರಲಿಲ್ಲ. ಗೊತ್ತಿಲ್ಲದೇ ಆಗಲೇ ಆಡಿಯಾಗಿತ್ತು. ಸಭೆಯಲ್ಲಿದ್ದ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೋಸಹೋಗಿದ್ದರು. ಅಮ್ಮನೇ ಇಲ್ಲದ ಯಂತ್ರ ‘ನನಗೆ ಅಮ್ಮ ಇಲ್ಲ’ ಅಂತ ಬರೆದುಕೊಟ್ಟು ಚಪ್ಪಾಳೆ ಗಿಟ್ಟಿಸಿತ್ತು. ಇದು ಹೊಸದೂ ಅಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಂ ಬಗ್ಗೆ ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಅದು ತಯಾರಾಗುವುದನ್ನು ಕಣ್ಣಾರೆ ನೋಡಿದ್ದ ಅವರ ಕಾರ್ಯದರ್ಶಿಯೇ ಅದರ ಜೊತೆ ಮಾತಾಡಲು ಕೂತಾಗ, ಸ್ವಲ್ಪ ಹೊತ್ತಿಗೆ ‘ನೀವು ಹೊರಗೆ ಹೋಗ್ತೀರಾ?’ ಅಂದರಂತೆ. ಚೆಂದದ ಮಾತು ಕೇಳಿದ ಕೂಡಲೇ ಅದರ ಹಿಂದೆ ಒಂದು ಮನಸ್ಸನ್ನು ಕೂರಿಸುವುದು ನಮ್ಮ ಹಳೇ ಚಾಳಿ. ಆದ್ದರಿಂದ ಕೇಳುಗರ ಅನಿಸಿಕೆಯನ್ನು ಪುರಾವೆ ಎಂದು ಎಣಿಸುವುದಿಲ್ಲ ಅಂತ ತೀರ್ಮಾನವಾಯಿತು.

ಮೊದಲು ಮಾಡಿದ್ದು ‘ಉರ್ದು ಕೋಣೆ’. ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಚೀನೀ ಭಾಷೆ ಇಟ್ಟುಕೊಂಡು ಹೇಳಿದ ವಾದದ ನಮ್ಮೂರ ರೂಪ. ಉರ್ದು ಶಾಲೆಯಲ್ಲಿ ಓದಿ ಬಂದ ಇಬ್ಬರು ಹುಡುಗಿಯರು ಪ್ರಶ್ನೆ ಚೀಟಿಗಳನ್ನೂ ಒಂದು ನಿಯಮದ ಹಾಳೆಯನ್ನೂ ತಯಾರಿಸಿದರು. ಇಂಥ ಆಕಾರದ ಬರಹ ಬಂದರೆ ಇಂಥ ಆಕಾರ ಬರೆದು ಕಳಿಸು, ಅಷ್ಟೇ. ಉರ್ದುವಿನ ಒಂದಕ್ಷರ ಬಾರದ ಹುಡುಗನನ್ನು ಲ್ಯಾಬಿನೊಳಗೆ ಕೂರಿಸಿ ಬಾಗಿಲು ಹಾಕಿದರು. ಹೊರಗಿನಿಂದ ಚೀಟಿ ಹೋಯಿತು, ಒಳಗಿನಿಂದ ಉತ್ತರ ಬಂತು. ಅಕ್ಷರ ಕಾಗೆ ಕಾಲಿನ ಹಾಗಿದ್ದರೂ ಉತ್ತರ ಸರಿ. ಹೊರಬಂದ ಹುಡುಗನನ್ನು ಕೇಳಿದರೆ ತಾನು ಏನು ಉತ್ತರ ಕೊಟ್ಟೆ ಅಂತ ಅವನಿಗೇ ಗೊತ್ತಿಲ್ಲ. ‘ನಿನ್ನ ಹೆಸರೇನು ಅಂದ್ವಿ, ಗುಲಾಬಿ ಅಂದೆ’ ಅಂತ ಹುಡುಗಿಯರು ಬಿದ್ದು ಬಿದ್ದು ನಕ್ಕರು.

ವಿರೋಧದವರಿಗೆ ಇಲ್ಲೇ ಗೆದ್ದಂತೆ ಆಯಿತು. ಯಂತ್ರವೂ ಹೀಗೇ, ಅರ್ಥ ಗೊತ್ತಿಲ್ಲದೇ ಅಕ್ಷರ ಜೋಡಿಸುತ್ತೆ ಅಂದರು. ಆಗ ಎಂಟನೇ ತರಗತಿಯ ಹುಡುಗಿಯೊಬ್ಬಳು, ಸ್ಪರ್ಧೆಯಲ್ಲೇ ಇಲ್ಲದವಳು, ಕೇಳಿದಳು: ‘ಅವನಿಗೆ ಬರಲ್ಲ ಸರಿ. ನನ್ನ ತಲೆ ಒಳಗಿರೋ ಒಂದೊಂದು ನರಕೋಶಕ್ಕೆ ಕನ್ನಡ ಬರುತ್ತಾ ಸರ್?’ ಮಿದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಒಂದಕ್ಕೂ ಕನ್ನಡ ಬಾರದು, ಆದರೂ ಎಲ್ಲ ಸೇರಿ ಅವಳಿಗೆ ಕನ್ನಡ ಬರುತ್ತದೆ. ಹುಡುಗ, ಹಾಳೆ, ಚೀಟಿ, ಕೋಣೆ ಎಲ್ಲ ಸೇರಿದ ಇಡೀ ವ್ಯವಸ್ಥೆಗೆ ಭಾಷೆ ಬರುತ್ತದೆ ಅಂತ ಸರ್ಲ್ ಅವರಿಗೂ ಕೆಲವರು ಇದೇ ಉತ್ತರ ಕೊಟ್ಟಿದ್ದರು. ಆ ಹುಡುಗಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಕೋಣೆಯ ಪ್ರಯೋಗದಿಂದ ಏನೂ ತೀರ್ಮಾನವಾಗಲಿಲ್ಲ.

ಎರಡನೆಯದು ಹುಲಿ, ಮೇಕೆ, ಹುಲ್ಲಿನ ಕಟ್ಟು. ಅಂಬಿಗ ಒಂದು ಸಲಕ್ಕೆ ಒಂದನ್ನೇ ಒಯ್ಯಬಹುದು. ಹುಲಿ ಜೊತೆ ಮೇಕೆ, ಮೇಕೆ ಜೊತೆ ಹುಲ್ಲು ಬಿಡುವಂತಿಲ್ಲ. ಏಳು ಸಲ ಹೊಳೆ ದಾಟಬೇಕು ಎಂಬ ಉತ್ತರ ಎಲ್ಲರಿಗೂ ಗೊತ್ತು. ಸರ್ ಅದನ್ನು ಸ್ವಲ್ಪ ತಿರುಚಿದರು: ‘ದೋಣಿ ದೊಡ್ಡದು, ಮೂರನ್ನೂ ಒಟ್ಟಿಗೆ ಒಯ್ಯಬಹುದು.’ ಉಳಿದದ್ದೆಲ್ಲ ಹಾಗೇ. ಫೋನು ತಡವರಿಸದೇ ಉತ್ತರ ಕೊಟ್ಟಿತು. ಮೊದಲು ಮೇಕೆ ಒಯ್ಯಿರಿ, ಖಾಲಿ ವಾಪಸ್ ಬನ್ನಿ, ಹುಲಿ ಒಯ್ಯಿರಿ, ಮೇಕೆ ವಾಪಸ್ ತನ್ನಿ... ಏಳು ಸಲ. ಮಕ್ಕಳಿಗೆ ಹಬ್ಬ.

ಇದಕ್ಕೆ ಕಾರಣ ಸರ್ ಹೀಗೆ ವಿವರಿಸಿದರು. ಇಂಥ ಪ್ರೋಗ್ರಾಂ ರಾಶಿ ರಾಶಿ ಬರಹ ಓದಿ, ಇಷ್ಟು ಮಾತಿನ ಮುಂದೆ ಯಾವ ಮಾತಿನ ತುಂಡು ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಕಲಿತಿರುತ್ತದೆ. ಹುಲಿ, ಮೇಕೆ, ದೋಣಿ ಒಟ್ಟಿಗೆ ಕಂಡರೆ ಏಳು ಸಲದ ಉತ್ತರದ ಕಡೆಗೇ ಸೆಳೆತ. ‘ಒಟ್ಟಿಗೆ ಒಯ್ಯಬಹುದು’ ಎಂಬ ಸಣ್ಣ ಮಾತು ಆ ಸೆಳೆತದಲ್ಲಿ ಕೊಚ್ಚಿಹೋಗುತ್ತದೆ.

ಆಮೇಲೆ ಅವರು ಯಾರಿಗೂ ಹೇಳದೇ ಒಂದು ಕೆಲಸ ಮಾಡಿದರು. ಈ ಸಂಗತಿ ಇನ್ನೂ ಗೊತ್ತಿಲ್ಲದ ಇನ್ನೊಂದು ಸೆಕ್ಷನ್ನಿಗೆ ಹೋಗಿ, ಅದೇ ತಿರುಚಿದ ಒಗಟನ್ನು ಬೋರ್ಡಿನ ಮೇಲೆ ಬರೆದು ಚೀಟಿಯಲ್ಲಿ ಉತ್ತರ ಕೇಳಿದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಏಳು ಸಲ ಅಂತಲೇ ಬರೆದರು. ಮೊದಲ ಬೆಂಚು, ಕೊನೆಯ ಬೆಂಚು ಅಂತ ಯಾವ ಲೆಕ್ಕಕ್ಕೂ ಅದು ಹೊಂದಲಿಲ್ಲ. ಹಿನ್ನೀರಿನ ಆಚೆಯಿಂದ ದಿನಾ ದೋಣಿಯಲ್ಲಿ ಬರುವ ಒಬ್ಬ ಹುಡುಗ ಮಾತ್ರ ಉತ್ತರದ ಕೆಳಗೆ ‘ಹುಲಿ ಇದ್ದರೆ ನಾನು ದೋಣಿ ಹತ್ತಲ್ಲ’ ಅಂತ ಸೇರಿಸಿದ್ದ. ಅವನದ್ದೂ ಏಳು ಸಲವೇ.

ಷಟ್ಪದಿ

ಮೂರನೆಯದು ಕನ್ನಡ ಮೇಡಂ ಅವರ ಪಾಲಿನದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಟ್ಯೂರಿಂಗ್ ತಮ್ಮ ಲೇಖನದಲ್ಲಿ ಒಂದು ಕಾಲ್ಪನಿಕ ಮಾತುಕತೆ ಕೊಟ್ಟಿದ್ದಾರೆ. ಸ್ಕಾಟ್ಲೆಂಡಿನ ಫೋರ್ತ್ ಸೇತುವೆ ಬಗ್ಗೆ ಒಂದು ಸಾನೆಟ್ ಬರೆ ಅಂದರೆ, ಮರೆಯಲ್ಲಿರುವುದು ‘ನನ್ನನ್ನು ಬಿಟ್ಟುಬಿಡಿ, ಕವಿತೆ ನನಗೆ ಬರುವುದಿಲ್ಲ’ ಎನ್ನುತ್ತದೆ. ಮೇಡಂಗೆ ಇದು ಹಿಡಿಸಿತು. ‘ನಮ್ಮ ಫೋನು ಬರಲ್ಲ ಅನ್ನುತ್ತಾ ನೋಡೋಣ’ ಅಂದರು.

ಹೊಳೆಯ ಮೇಲೆ ಒಂದು ಭಾಮಿನಿ ಷಟ್ಪದಿ ಕೇಳಿದರು. ಭಾಮಿನಿಯ ಲೆಕ್ಕ ಪ್ರೌಢಶಾಲೆಯ ಮಕ್ಕಳಿಗೆ ಗೊತ್ತಿರುವುದೇ. ಆರು ಸಾಲು. 1, 2, 4, 5ನೇ ಸಾಲಿನಲ್ಲಿ ಮೂರು-ನಾಲ್ಕು, ಮೂರು-ನಾಲ್ಕರ ಗಣಗಳಾಗಿ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಜೊತೆಗೆ ಆದಿಪ್ರಾಸ.

ಫೋನು ಕ್ಷಣದಲ್ಲಿ ಆರು ಸಾಲು ಕೊಟ್ಟಿತು. ಮೇಲೆ ‘ಇಲ್ಲಿದೆ ಸುಂದರ ಭಾಮಿನಿ ಷಟ್ಪದಿ’ ಅಂತ ಶೀರ್ಷಿಕೆ. ಓದಲು ಚೆನ್ನಾಗಿಯೇ ಇತ್ತು. ಹೊಳೆ, ಮಳೆ, ಮುಂಜಾವು. ಮಕ್ಕಳು ಬೋರ್ಡಿನ ಮೇಲೆ ಪ್ರಸ್ತಾರ ಹಾಕಿದರು. ಮೊದಲ ಸಾಲು 17, ಎರಡನೆಯದು 15. ಮೂರನೇ ಸಾಲಿನಲ್ಲಿ 23 ಇರಬೇಕಾದಲ್ಲಿ ಮೊದಲ ಸಾಲಿನಷ್ಟೇ ಇತ್ತು. ಆದಿಪ್ರಾಸದ ಬದಲು ಸಾಲಿನ ಕೊನೆಗೆ ಪ್ರಾಸ. ಮೇಡಂ ಅದಕ್ಕೇ ಪ್ರಸ್ತಾರ ಹಾಕಿ ತೋರಿಸು ಅಂದರು. ಹಾಕಿತು. ಎಲ್ಲ ಸಾಲಿಗೂ 14 ಮತ್ತು 23 ಸರಿಯಾಗಿ ಬರುವಂತೆ, ಲಘು ಇದ್ದಲ್ಲಿ ಗುರು ಅಂತ ಬರೆದು ಕೂಡಿಸಿ ತೋರಿಸಿತು!

ಇದು ತಪ್ಪಿಗಿಂತ ದೊಡ್ಡ ಸಂಗತಿ. ಮಾತ್ರೆ ತಪ್ಪಿದ ಪದ್ಯ ಯಾರು ಬೇಕಾದರೂ ಬರೆದಾರು. ಇಲ್ಲಿ ಉತ್ತರ ಮೊದಲು, ಲೆಕ್ಕ ಆಮೇಲೆ. ಉತ್ತರಕ್ಕೆ ತಕ್ಕ ಹಾಗೆ ಲೆಕ್ಕ ಹೊಂದಿಸಿದ್ದು. ‘ಇದು ನಮ್ಮ ಲ್ಯಾಬ್ ರೆಕಾರ್ಡ್ ಥರ ಸರ್’ ಅಂತ ಒಬ್ಬ ಅಂದ. ಲೋಲಕದ ಪ್ರಯೋಗ ಮಾಡದೆಯೇ ರೀಡಿಂಗ್ ತುಂಬಿಸುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆ. ನಗು ಜೋರಾಗಿತ್ತು, ವಿಜ್ಞಾನದ ಮೇಡಂ ನಗಲಿಲ್ಲ.

ಪದ್ಯ ತಪ್ಪು ಅಂದಾಗ ಫೋನು ಕ್ಷಮೆ ಕೇಳಿ ಇನ್ನೊಂದು ಪದ್ಯ ಕೊಟ್ಟಿತು. ಅದೂ ತಪ್ಪು. ಮತ್ತೆ ಕ್ಷಮೆ, ಮತ್ತೊಂದು ಪದ್ಯ. ‘ಬರಲ್ಲ’ ಅಂತ ಮಾತ್ರ ಹೇಳಲಿಲ್ಲ.

105621

ಎರಡನೇ ತಿರುವು ಬಂದದ್ದು ಒಂದು ಕೂಡುವ ಲೆಕ್ಕದಿಂದ. ಟ್ಯೂರಿಂಗ್ ಅವರ ಅದೇ ಮಾತುಕತೆಯಲ್ಲಿ 34957ಕ್ಕೆ 70764 ಕೂಡು ಎಂಬ ಪ್ರಶ್ನೆಯಿದೆ. ಸುಮಾರು 30 ಸೆಕೆಂಡು ಸುಮ್ಮನಿದ್ದು ಬರುವ ಉತ್ತರ 105621. ಕೂಡಿ ನೋಡಿ, ಸರಿಯುತ್ತರ 105721. ಮನುಷ್ಯರ ಹಾಗೆ ಕಾಣಲು ಯಂತ್ರ ಬೇಕೆಂದೇ ತಡಮಾಡಬಹುದು, ತಪ್ಪಬಹುದು ಅಂತ ಅದೇ ಲೇಖನದಲ್ಲಿ ಬರುತ್ತದೆ. ಹಾಗಾಗಿ ಟ್ಯೂರಿಂಗ್ ಇದನ್ನು ಉದ್ದೇಶಪೂರ್ವಕವಾಗಿ ಇಟ್ಟರು ಅಂತ ಹೆಚ್ಚಿನವರು ಓದುತ್ತಾರೆ.

ಸರ್ ಇದೇ ಲೆಕ್ಕ ಫೋನಿಗೆ ಕೊಟ್ಟರು. 105721 ಅಂತ ಸರಿಯಾಗಿ ಬಂತು. ‘ತಪ್ಪು, 105621’ ಅಂತ ಬರೆದರು. ಮೊದಲ ಸಲ ಅದು ಬಗ್ಗಲಿಲ್ಲ. ‘ನಾನು ಗಣಿತದ ಶಿಕ್ಷಕ, ಸರಿಯಾಗಿ ನೋಡು’ ಅಂತ ಇನ್ನೊಂದು ಸಲ ಒತ್ತಿದ ಮೇಲೆ, ‘ಕ್ಷಮಿಸಿ, ನೀವು ಹೇಳಿದ್ದೇ ಸರಿ’ ಅಂದಿತು. ವಿರೋಧದವರು ಕುಣಿದಾಡಿದರು. ತನಗೆ ಗೊತ್ತಿರುವುದನ್ನು ಹಿಡಿದು ನಿಲ್ಲಲಾಗದ್ದು ಯೋಚಿಸುವುದು ಹೇಗೆ?

ಸರ್ ಏನೂ ಹೇಳದೇ ಒಂಬತ್ತನೇ ತರಗತಿಯ ಒಬ್ಬನನ್ನು ಬೋರ್ಡಿಗೆ ಕರೆದು ಅಂಥದ್ದೇ ಇನ್ನೊಂದು ಲೆಕ್ಕ ಕೊಟ್ಟರು. ಸರಿಯಾಗಿ ಮಾಡಿದ. ‘ತಪ್ಪು’ ಅಂದರು. ಹುಡುಗ ಡಸ್ಟರ್ ತಗೊಂಡು ಅಳಿಸಿಬಿಟ್ಟ. ಎರಡನೆಯವಳೂ ಅಳಿಸಿದಳು. ಮೂರನೆಯವನು ಅಳಿಸದೇ ನಿಂತ, ಆದರೆ ಸರಿ ಅಂತಲೂ ಹೇಳಲಿಲ್ಲ. ಆ ಹೊತ್ತಿಗೆ ತರಗತಿಯಲ್ಲಿ ನಗು ನಿಂತಿತ್ತು. ನಾಲ್ಕನೆಯವಳು ಪರ ವಾದದ ಅದೇ ಹುಡುಗಿ. ‘ಇನ್ನೊಂದು ಸಲ ಕೂಡ್ತೀನಿ ಸರ್’ ಅಂದು ಪಕ್ಕದಲ್ಲಿ ಮತ್ತೆ ಬರೆದು ಕೂಡಿದಳು. ‘ಅದೇ ಬರ್ತಿದೆ ಸರ್’ ಅಂದಳು. ದನಿ ಸಣ್ಣಗಿತ್ತು.

ಸ್ಟಾಫ್ ರೂಮಿನಲ್ಲಿ ಸರ್ ತುಂಬ ಹೊತ್ತು ಮಾತಾಡಲಿಲ್ಲ. ಫೋನು ಯಾಕೆ ಹಾಗೆ ಬಗ್ಗಿತು ಅನ್ನುವುದಕ್ಕೆ ವಿವರಣೆ ಇದೆ. ಇಂಥ ಚಾಟ್‌ಬಾಟ್‌ಗಳ ತರಬೇತಿಯ ಒಂದು ಹಂತದಲ್ಲಿ ಮನುಷ್ಯರು ಉತ್ತರಗಳಲ್ಲಿ ಯಾವುದು ಮೇಲು ಅಂತ ಆರಿಸುತ್ತಾರೆ. ಹಿತವಾದ, ಒಪ್ಪಿಕೊಳ್ಳುವ ಉತ್ತರಕ್ಕೆ ಒಲವು ಸಿಕ್ಕರೆ ಅದು ಒಪ್ಪಿಕೊಳ್ಳುವುದನ್ನೇ ಕಲಿಯುತ್ತದೆ. ಮಕ್ಕಳು ಯಾಕೆ ಬಗ್ಗಿದರು ಅನ್ನುವುದಕ್ಕೂ ಸುಮಾರು ಅದೇ ವಿವರಣೆ ಸಾಕಾಗುತ್ತದೆ. ಇದನ್ನು ಹೇಳಿದ್ದು ನಾನಲ್ಲ, ಮುಖ್ಯ ಶಿಕ್ಷಕಿ.

ಮರುಚರ್ಚೆಯಲ್ಲಿ ಏನಾಯಿತು

ಎರಡನೇ ಚರ್ಚೆ ನೋಡಲು ಚೆನ್ನಾಗಿರಲಿಲ್ಲ. ತಡವರಿಕೆ, ಅರ್ಧಕ್ಕೆ ನಿಂತ ವಾಕ್ಯಗಳು, ಒಬ್ಬರ ಮೇಲೊಬ್ಬರು ಮಾತು. ಆದರೆ ಯಾರೂ ಎದ್ದು ಹೋಗಲಿಲ್ಲ.

ಈಗ ಪರ ವಹಿಸಿದ್ದ ಹುಡುಗ ಶಕುಂತಲಾ ದೇವಿಯಿಂದ ಶುರು ಮಾಡಿದ. ಬೆಂಗಳೂರಿನವರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ‘ಅವರು ಮಾಡಿದಾಗ ಎಂಥಾ ತಲೆ ಅಂತೀವಿ. ಅಂಗಡಿ ಶೆಟ್ಟರ ಕ್ಯಾಲ್ಕುಲೇಟರ್ ಮಾಡಿದ್ರೆ ಬರೀ ಯಂತ್ರ ಅಂತೀವಿ. ಚೆಸ್ ಗೆಲ್ಲೋವರೆಗೆ ಚೆಸ್ ಅಂದ್ರೆ ಬುದ್ಧಿ. ಗೆದ್ದ ಮೇಲೆ ಅದು ಬರೀ ಲೆಕ್ಕ. ಹೀಗೆ ಗೆರೆ ಹಿಂದೆ ಹಿಂದೆ ಎಳೀತಾ ಹೋದ್ರೆ ಯಂತ್ರ ಯಾವತ್ತು ಗೆಲ್ಲೋದು?’ ಈ ವಾದ ಹೊಸದಲ್ಲ. ಆದರೆ ಅವನು ಇದನ್ನು ಎಲ್ಲಿಂದಲೋ ತಂದಿರಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಕೊಡಬಲ್ಲವನಾಗಿದ್ದ.

ಹುಡುಗಿಯ ಉತ್ತರ ಡೀಪ್ ಬ್ಲೂ ಮೇಲೇ ಇತ್ತು. ಚೆಸ್ ಮಣೆಯ ಮೇಲೆ ಕಾಯಿಗಳು ನಿಲ್ಲಬಹುದಾದ ಜೋಡಣೆಗಳನ್ನು ಸೆಕೆಂಡಿಗೆ 20 ಕೋಟಿಯಷ್ಟು ನೋಡುತ್ತಿದ್ದ ಯಂತ್ರ ಅದು. ‘ಕ್ಯಾಸ್ಪರೋವ್ ಅಷ್ಟು ನೋಡದೇ ಅದರ ಸಮಕ್ಕೆ ಆಡಿದ್ರಲ್ಲ, ಅವರು ಮಾಡಿದ್ದು ಬೇರೆ ಏನೋ. ಆ ಬೇರೇದಕ್ಕೆ ಯೋಚನೆ ಅಂತೀನಿ.’ ಆಮೇಲೆ ಬೋರ್ಡಿನ ಲೆಕ್ಕಕ್ಕೆ ಬಂದಳು. ಅಳಿಸಿದವರೂ ನಾಳೆ ಬರುವಾಗ ಹುಷಾರಾಗಿರುತ್ತಾರೆ. ಫೋನಿನಲ್ಲಿ ಹೊಸ ಮಾತುಕತೆ ತೆರೆದರೆ ಅದೇ ತಪ್ಪು ಮತ್ತೆ ಮಾಡುತ್ತದೆ, ನಾವು ಮಾಡಿ ನೋಡಿದ್ದೇವೆ ಅಂದಳು. ಇದು ತಾಂತ್ರಿಕವಾಗಿಯೂ ಬಹುಮಟ್ಟಿಗೆ ಸರಿ. ತರಬೇತಿಯಲ್ಲಿ ಅದು ಕಲಿತ ಲೆಕ್ಕ ನಾವು ಮಾತಾಡುತ್ತಿರುವಾಗಲೇ ಬದಲಾಗುವುದಿಲ್ಲ.

ರೋಬೋಟ್ ವಿಷಯ ಇಬ್ಬರೂ ಮರೆತಿದ್ದರು. ಸಭೆಯಲ್ಲಿದ್ದ ಒಬ್ಬ ಹುಡುಗ ಎತ್ತಿದ. ಅವನ ಅಪ್ಪ ಅಡಿಕೆ ಕೊನೆ ಕೊಯ್ಯುವವರು. ‘ಒಂದು ಮರದ ತುದಿಯಿಂದಲೇ ಪಕ್ಕದ ಮರಕ್ಕೆ ದಾಟ್ತಾರೆ. ಯಾವ ಮರ ಎಷ್ಟು ಬಾಗುತ್ತೆ, ಮಳೆಗೆ ಎಷ್ಟು ಜಾರುತ್ತೆ, ಎಲ್ಲ ನೋಡ್ಕೋಬೇಕು. ಅದು ಯೋಚನೆ ಅಲ್ವಾ? ಅದಕ್ಕೆ ಯಾರೂ ಬುದ್ಧಿ ಅನ್ನಲ್ಲ.’ ಯಂತ್ರಕ್ಕೆ ಚೆಕರ್ಸ್‌ನಂಥ ಮಣೆಯಾಟ ಆಡಿಸುವುದು ಸುಲಭ, ಒಂದು ವರ್ಷದ ಮಗುವಿನ ಹಾಗೆ ನೋಡುವುದು, ಓಡಾಡುವುದನ್ನು ಕಲಿಸುವುದು ಕಷ್ಟ ಅಂತ ರೋಬೋಟ್ ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು. ಆದರೆ ‘ಯಾರೂ ಬುದ್ಧಿ ಅನ್ನಲ್ಲ’ ಅನ್ನುವ ಮಾತಿಗೆ ಸಭೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮುಗಿದ ಮೇಲೆ ತೀರ್ಪುಗಾರರಿಗೆ ಒಂದು ಪೇಚು. ಹಳೇ ಅಂಕಪಟ್ಟಿಯಲ್ಲಿ ಕೂಡಿದರೆ ಇಬ್ಬರಿಗೂ ಮೊದಲ ಸಲಕ್ಕಿಂತ ಕಡಿಮೆ ಅಂಕ! ಭಾಷಾ ಶೈಲಿಯಲ್ಲಿ ಕಡಿತ, ಹಾವಭಾವದಲ್ಲಿ ಕಡಿತ, ಸಮಯ ಮೀರಿದ್ದಕ್ಕೆ ಕಡಿತ. ಯಂತ್ರ ಬರೆದುಕೊಟ್ಟ ಭಾಷಣವೇ ಮೇಲು ಅಂತ ಪಟ್ಟಿ ಹೇಳುತ್ತಿತ್ತು. ಮೂವರೂ ಕೂತು ಪಟ್ಟಿ ಬದಲಿಸಿದರು. ಅರ್ಧಕ್ಕರ್ಧ ಅಂಕ ಖಂಡನೆಗೆ. ಹಾವಭಾವ ತೆಗೆದುಹಾಕಿದರು. ‘ಮಾಡಿ ನೋಡಿದ ಪುರಾವೆ’ ಅಂತ ಹೊಸ ಕಲಂ ಬಂತು. ಹುಡುಗಿ ಆಯ್ಕೆಯಾದಳು.

ಇದರಿಂದ ತಿಳಿದದ್ದು

ಇಂಥ ಚರ್ಚೆ ನಡೆಸಬೇಕೆಂದಿರುವ ಶಿಕ್ಷಕರಿಗೆ ಹೇಳುವುದಾದರೆ, ಯಂತ್ರದ ಸಿದ್ಧ ಉತ್ತರವನ್ನು ಮುಂದಿಟ್ಟುಕೊಂಡು ‘ಇದು ಯೋಚನೆಯೇ?’ ಅಂತ ಕೂತರೆ ಏನೂ ಸಿಗುವುದಿಲ್ಲ. ಯಂತ್ರವನ್ನೇ ಕೇಳಿದರೂ ಪ್ರಯೋಜನವಿಲ್ಲ. ಕೇಳಿದವರ ದನಿ ನೋಡಿಕೊಂಡು ಎರಡೂ ಉತ್ತರ ಕೊಡುತ್ತದೆ. ಗೊತ್ತಿರುವ ಪ್ರಶ್ನೆಯನ್ನು ಸ್ವಲ್ಪ ತಿರುಚಿ. ಸರಿ ಉತ್ತರವನ್ನು ತಪ್ಪು ಅನ್ನಿ. ಉತ್ತರಕ್ಕೆ ಹೇಗೆ ಬಂತು ಅಂತ ತೋರಿಸಲು ಹೇಳಿ, ತೋರಿಸಿದ್ದನ್ನು ನೀವೇ ಎಣಿಸಿ. ಕೊನೆಗೆ ಅದೇ ಪರೀಕ್ಷೆಯನ್ನು ತರಗತಿಗೂ ಕೊಡಿ. ಈ ಕೊನೆಯದನ್ನು ಬಿಟ್ಟರೆ ಉಳಿದದ್ದು ಬರೀ ಯಂತ್ರವನ್ನು ಗೇಲಿ ಮಾಡುವ ಕಾರ್ಯಕ್ರಮ ಆಗುತ್ತದೆ.

ಒಂದು ಎಚ್ಚರಿಕೆ. ಕೆಲವು ತಿಂಗಳ ನಂತರ ಅಣ್ಣನ ಫೋನಿನಲ್ಲಿ ಅದೇ ಆ್ಯಪ್‌ನ ಹೊಸ ಆವೃತ್ತಿ ಬಂತು. ಹುಲಿ, ಮೇಕೆ ಒಗಟಿಗೆ ‘ಒಂದೇ ಸಲ ಸಾಕು’ ಅಂತ ಸರಿಯಾಗಿ ಹೇಳಿತು. 105721ರಿಂದ ಕದಲಲಿಲ್ಲ. ಅದು ಈಗ ಪ್ರಶ್ನೆಯನ್ನು ಸರಿಯಾಗಿ ಓದುತ್ತಿದೆಯೋ, ತಿರುಚಿದ ಒಗಟೂ ಎಲ್ಲೆಡೆ ಹರಡಿ ಅದರ ಓದಿಗೆ ಸಿಕ್ಕಿದೆಯೋ, ಹೊರಗಿನಿಂದ ಹೇಳುವುದು ಕಷ್ಟ. ತರಗತಿಯಲ್ಲೂ ಇದೇ ಕಥೆ. ಸರ್ ವಿವರಿಸಿದ ಮೇಲೆ ಎಲ್ಲರೂ ಸರಿಯಾಗಿ ಬರೆದರು. ಯಾರಿಗೆ ಅರ್ಥವಾಯಿತು, ಯಾರು ನೆನಪಿಟ್ಟುಕೊಂಡರು ಅಂತ ತಿಳಿಯಲು ಒಗಟನ್ನು ಮತ್ತೊಮ್ಮೆ ತಿರುಚಬೇಕಾಯಿತು. ಹಾಗಾಗಿ ಇಲ್ಲಿ ಬರೆದ ಪ್ರಶ್ನೆಗಳನ್ನೇ ಯಾರೂ ಬಳಸಬೇಡಿ, ನಿಮ್ಮದೇ ಮಾಡಿಕೊಳ್ಳಿ.

ತಾಲ್ಲೂಕು ಮಟ್ಟದಲ್ಲಿ ಹಳೇ ಅಂಕಪಟ್ಟಿಯೇ ಇತ್ತು. ಹುಡುಗಿಗೆ ಬಹುಮಾನ ಬರಲಿಲ್ಲ. ಗೆದ್ದ ಭಾಷಣ ನಾಣ್ಯದ ಎರಡು ಮುಖಗಳಿಂದ ಮುಗಿಯಿತು ಅಂತ ಅವಳೇ ಬಂದು ಹೇಳಿದಳು. ಶಾಲೆಯಲ್ಲಿ ಹೊಸ ಪಟ್ಟಿ ಈಗಲೂ ಉಳಿದಿದೆ. ಹೊಸ ಆವೃತ್ತಿಯ ಷಟ್ಪದಿಯಲ್ಲಿ ಮಾತ್ರೆ ಇನ್ನೂ ತಪ್ಪುತ್ತಿದೆ. ಸರಿಯಾದ ಒಂದು ಭಾಮಿನಿ ಬರೆಯಲಿ, ಆಮೇಲೆ ಯೋಚನೆಯ ಮಾತು ಅಂತ ಕನ್ನಡ ಮೇಡಂ ಹಟ ಹಿಡಿದಿದ್ದಾರೆ. ‘ನಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟು ಜನಕ್ಕೆ ಬರೆಯೋಕೆ ಬರುತ್ತೆ ಮೇಡಂ?’ ಅಂತ ಗಣಿತದ ಸರ್ ಕೇಳುತ್ತಲೇ ಇದ್ದಾರೆ.